ಮೊದಲು ದೀಪ ಹೋಗಲಿ

ಮೊನ್ನೆ ರಾತ್ರಿ ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ಳುವಾಗ ಡೆಸ್ಕಿನ ಹುಡುಗ ಒಂದು ವಿಡಿಯೋ ತೋರಿಸಿದ. ತಲೆಗೆ ಟಾರ್ಚ್ ಕಟ್ಟಿಕೊಂಡ ನಾಲ್ಕು ಜನ ಯಾವುದೋ ವಿದೇಶಿ ನಗರದ ನೆಲದಡಿಯ ಚರಂಡಿಯಲ್ಲಿ ನಡೆದು ಹೋಗ್ತಿದ್ದಾರೆ. ಕೆಲಸಕ್ಕಲ್ಲ, ಮಜಾಕ್ಕೆ. "ಹಾಕೋಣ್ವಾ ಸರ್? ಚೆನ್ನಾಗಿ ಓಡುತ್ತೆ" ಅಂದ.

ಓಡುತ್ತೆ, ಅನುಮಾನವೇ ಇಲ್ಲ. ಇದು ಹೊಸ ಹುಚ್ಚೂ ಅಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 1986ರಲ್ಲೇ ಕೆಲವು ಹುಡುಗರು 'ಕೇವ್ ಕ್ಲಾನ್' ಅಂತ ಗುಂಪು ಕಟ್ಟಿ ಚರಂಡಿ ಸುತ್ತೋದನ್ನೇ ಹವ್ಯಾಸ ಮಾಡಿಕೊಂಡರು. ಮಳೆ ಬರುವ ದಿನ ಇಳಿಯಬಾರದು ಅನ್ನೋದು ಅವರ ಕಟ್ಟುನಿಟ್ಟಿನ ನಿಯಮ. ಅವರು ಹೆಚ್ಚಾಗಿ ಸುತ್ತೋದು ಮಳೆನೀರಿನ ಕಾಲುವೆಗಳಲ್ಲಿ. ಅಲ್ಲಿ ಶೌಚದ ನೀರಿಗೆ ಬೇರೆಯೇ ಪೈಪು. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಅದಕ್ಕೂ ಹಿಂದೆ ಹೋದರೆ ಪ್ಯಾರಿಸ್. 1867ರ ಜಾಗತಿಕ ವಸ್ತುಪ್ರದರ್ಶನದ ಹೊತ್ತಿಗೆ ಅಲ್ಲಿ ಒಳಚರಂಡಿ ನೋಡೋಕೆ ಪ್ರವಾಸಿಗಳನ್ನು ಕರೆದೊಯ್ಯುವುದು ಶುರುವಾಗಿತ್ತು. ನಾದಾರ್ ಎಂಬ ಫೋಟೋಗ್ರಾಫರ್ 1860ರ ದಶಕದಲ್ಲಿ ವಿದ್ಯುತ್ ದೀಪ ಒಯ್ದು ಆ ನಗರದ ನೆಲದಡಿಯ ಚಿತ್ರ ತೆಗೆದ. ಒಂದು ಚಿತ್ರಕ್ಕೆ ಎಷ್ಟೋ ನಿಮಿಷ ಅಲುಗಾಡದೆ ನಿಲ್ಲಬೇಕಿತ್ತು. ಮನುಷ್ಯರಿಗೆ ಅದು ಆಗದ ಮಾತು. ಅದಕ್ಕೇ ಕೆಲಸಗಾರನ ಬಟ್ಟೆ ತೊಡಿಸಿದ ಗೊಂಬೆಗಳನ್ನು ನಿಲ್ಲಿಸಿದ! ನೆಲದಡಿ ದುಡಿದವನ ಜಾಗದಲ್ಲಿ ಫೋಟೋಗೆ ಬಂದದ್ದು ಗೊಂಬೆ.

ಇರಲಿ, ನಮ್ಮೂರಿಗೆ ಬರೋಣ. ಹಿಂದೊಮ್ಮೆ ಸುರಂಗ ಅಂತ ಒಂದು ಮಾತು ಆಡಿದ್ದಕ್ಕೆ ಕರಾವಳಿಯಿಂದ ಮೆಸೇಜುಗಳ ಮಳೆ. ಬೆಳ್ತಂಗಡಿಯವರೊಬ್ಬರು ಗಡಾಯಿಕಲ್ಲಿನಿಂದ ಕೆಳಗೆ ಗುಪ್ತ ಸುರಂಗ ಇದೆಯಂತೆ ಅಂದರು. ಮೂಡುಬಿದಿರೆಯವರು ಬಿಡ್ತಾರಾ? ಹದಿನೆಂಟು ಬಸದಿ, ಹದಿನೆಂಟು ಕೆರೆಯ ಊರು, ಅಲ್ಲೂ ಒಂದು ಸುರಂಗ ಬೇಕಲ್ಲ! ಇಂಜಿನಿಯರಿಂಗ್ ಓದಿದವನು ನಾನು, ಹಾಗಾಗಿ ಮೊದಲು ಕೇಳೋದು ಕಲ್ಲು ಯಾವುದು ಅಂತ. ಟಿಪ್ಪು 1794ರಲ್ಲಿ ಜಮಾಲಾಬಾದ್ ಕೋಟೆ ಕಟ್ಟಿಸಿದ ಆ ಗಡಾಯಿಕಲ್ಲು ಒಂದೇ ಗಟ್ಟಿ ಬಂಡೆ. ಅದರ ಮೈಮೇಲೆ ಮೆಟ್ಟಿಲು ಕಡಿಯುವುದೇ ದೊಡ್ಡ ಸಾಹಸ. ಒಳಗೆ ದಾರಿ ಕೊರೆಯೋದು ಕತೆಯಲ್ಲಿ ಸುಲಭ.

ನಿಜವಾದ ಸುರಂಗ ಇರೋದು ಬಂಟ್ವಾಳ ತಾಲೂಕಿನಲ್ಲಿ. ರಾಜನದ್ದಲ್ಲ, ನಿಧಿಯದ್ದಲ್ಲ, ನೀರಿನದ್ದು. ಮಾಣಿಲ, ಕೇಪು, ಅಡ್ಯನಡ್ಕದ ಗುಡ್ಡಗಳಲ್ಲಿ, ಅಲ್ಲಿಂದ ಗಡಿ ದಾಟಿ ಕಾಸರಗೋಡಿನ ಕನ್ನಡ ಸೀಮೆಯಲ್ಲಿ. ಅಲ್ಲಿನ ಮುರಕಲ್ಲು ಸ್ಪಂಜಿನ ಹಾಗೆ. ಮಳೆಗಾಲದ ನೀರು ಒಳಗೆ ಇಂಗಿ ನಿಧಾನವಾಗಿ ಇಳಿಯುತ್ತೆ. ಬಾವಿಯನ್ನು ಕೆಳಕ್ಕೆ ತೋಡುತ್ತೇವೆ. ಈ ಜನ ಗುಡ್ಡದ ಪಕ್ಕೆಗೆ ಅಡ್ಡಕ್ಕೆ ತೋಡಿದರು. ಒಬ್ಬ ಮನುಷ್ಯ ನಿಂತು ಪಿಕ್ಕಾಸು ಬೀಸುವಷ್ಟೇ ಎತ್ತರ, ಭುಜ ತಾಗದಷ್ಟೇ ಅಗಲ. ಬಾಯಿಯ ಕಡೆಗೆ ಸಣ್ಣ ಇಳಿಜಾರು. ಪಂಪಿಲ್ಲ, ಕರೆಂಟಿಲ್ಲ, ನೀರು ತಾನಾಗಿ ಹೊರಗೆ ಬಂದು ಅಡಕೆ ಮರದ ದಂಬೆಯಲ್ಲಿ ಹರಿದು ಕೆರೆ ಸೇರುತ್ತೆ. ಹೈಡ್ರಾಲಿಕ್ಸ್ ಪರೀಕ್ಷೆ ಪಾಸಾದ ನನಗೆ ಕಾಲೇಜಿನಲ್ಲಿ ಇದರ ಬಗ್ಗೆ ಯಾರೂ ಒಂದು ಸಾಲು ಹೇಳಿರಲಿಲ್ಲ.

ಮಾಣಿಲದ ಒಂದು ತೋಟಕ್ಕೆ ಹೋಗಿದ್ದೆ. ಕ್ಯಾಮೆರಾ ನೋಡಿ ಅಲ್ಲಿನ ಅಜ್ಜ ನಕ್ಕರು. ನಾನು ಮೊಬೈಲ್ ಟಾರ್ಚ್ ಹಾಕಿ ಸೀದಾ ನುಗ್ಗೋಕೆ ಹೊರಟಾಗ ತಡೆದರು. "ಮೊದ್ಲು ದೀಪ ಹೋಗ್ಲಿ ಮಾರಾಯ್ರೆ, ನೀವು ಮತ್ತೆ ಹೋಗಿ." ಸೀಮೆಎಣ್ಣೆ ದೀಪ ಹಚ್ಚಿ ಮುಂದೆ ಹಿಡಿದು ನಡೆದರು. ಜ್ವಾಲೆ ಕುಗ್ಗಿದರೆ ಗಾಳಿ ಸಾಲದು ಅಂತ ಅರ್ಥ, ವಾಪಸ್ ಬರಬೇಕು. ಕಾಲಡಿ ತಣ್ಣಗೆ ನೀರು, ತಲೆ ಮೇಲೆ ಬಾವಲಿ. ಮೂವತ್ತು ಹೆಜ್ಜೆ ಇಟ್ಟಿರಬಹುದು, ನನ್ನ ಎದೆ ಹೊಡೆದುಕೊಳ್ಳೋದು ನನಗೇ ಕೇಳಿಸ್ತಿತ್ತು. "ಇನ್ನೂ ಉಂಟು" ಅಂದರು ಅಜ್ಜ. ನಾನು ತಿರುಗಿದೆ.

ಇಂಥದ್ದನ್ನು ಒಬ್ಬರೇ ಕೂತು ತೋಡಿದವರು ಅಮೈ ಮಹಾಲಿಂಗ ನಾಯ್ಕರು. ಅಡಕೆ, ತೆಂಗಿನ ಮರ ಹತ್ತುವ ಕೂಲಿ ಮಾಡ್ತಿದ್ದವರಿಗೆ 1970ರ ದಶಕದ ಕೊನೆಗೆ ಕೇಪು ಗ್ರಾಮದಲ್ಲಿ ಎರಡು ಎಕರೆ ಬೋಳುಗುಡ್ಡ ಸಿಕ್ಕಿತು. ನೀರಿಲ್ಲದ ಜಾಗ. ಹಗಲು ಕೂಲಿ, ಸಂಜೆಯಿಂದ ದೀಪ ಇಟ್ಟುಕೊಂಡು ಸುರಂಗ. ಒಂದು ತೋಡಿದರು, ನೀರಿಲ್ಲ. ಮತ್ತೊಂದು, ನೀರಿಲ್ಲ. ಹೀಗೆ ಹಲವು. ಊರವರು ಹುಚ್ಚು ಅಂದರು. ಕೊನೆಗೆ ನೀರು ಬಂತು, ಗುಡ್ಡದ ಮೇಲೆ ಅಡಕೆ ತೋಟ ಎದ್ದಿತು. 2022ರಲ್ಲಿ ಸರ್ಕಾರ ಪದ್ಮಶ್ರೀ ಕೊಟ್ಟಿತು.

ಆದರೆ ಅವರಿಗಿಂತ ಮೊದಲು ತೋಡಿದವರು ಯಾರು? ಈ ವಿದ್ಯೆ ಪರ್ಷಿಯಾದ 'ಕನಾತ್'ನಿಂದ ಅರಬ್ಬೀ ಸಮುದ್ರ ದಾಟಿ ಬಂದದ್ದು ಅನ್ನುವವರಿದ್ದಾರೆ, ಇಲ್ಲೇ ಹುಟ್ಟಿದ್ದು ಅನ್ನುವವರೂ ಇದ್ದಾರೆ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದ ಸಂಶೋಧಕರೂ ಬಂದು ಅಧ್ಯಯನ ಮಾಡಿ ಹೋದರು. ಬೀದರ್‌ನ ನೌಬಾದಿನಲ್ಲಿರುವ ಕರೇಜ್ ಮಾತ್ರ ನೇರವಾಗಿ ಪರ್ಷಿಯಾದ ಕೂಸು. 15ನೇ ಶತಮಾನದ್ದು, ಸುಮಾರು 3 ಕಿಲೋಮೀಟರ್ ಉದ್ದ, ಮೇಲಿನಿಂದ ಸಾಲಾಗಿ ಗಾಳಿಬಾವಿಗಳು. ಅದಕ್ಕೆ ಬಹಮನಿ ಸುಲ್ತಾನರ ಹೆಸರಾದರೂ ಇದೆ. ಬಂಟ್ವಾಳದ ಸುರಂಗಕ್ಕೆ ಶಾಸನ ಹಾಕಿಸಿದವರು ಯಾರೂ ಇಲ್ಲ. ಕೂಲಿಗೆ ತೋಡಿದವನ ಹೆಸರು ಮೊಮ್ಮಕ್ಕಳಿಗೆ ನೆನಪಿದ್ದರೆ ಉಂಟು. ಈಗ ಬೋರ್‌ವೆಲ್ ಲಾರಿ ಗುಡ್ಡ ಹತ್ತುತ್ತೆ. ಪಿಕ್ಕಾಸು ಹಿಡಿದು ಒಳಗೆ ಕೂರುವ ಹುಡುಗರು ಎಲ್ಲಿದ್ದಾರೆ?

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಆ ಅಜ್ಜ ಗಾಳಿ ನೋಡದೆ ಯಾರನ್ನೂ ಒಳಗೆ ಬಿಡೋರಲ್ಲ. ನಮ್ಮ ನಗರಗಳು ಬಿಡುತ್ವೆ. ಮಳೆನೀರಿನ ಕಾಲುವೆಗೇ ಕಕ್ಕಸಿನ ನೀರು ಸೇರುವ ಊರುಗಳು ನಮ್ಮವು. ಮ್ಯಾನ್‌ಹೋಲಿಗೆ ದೀಪ ಇಳಿಸುವ ಹಾಗೂ ಇಲ್ಲ. ಮೀಥೇನ್ ಇದ್ದರೆ ಹೊತ್ತಿಕೊಳ್ಳುತ್ತೆ. ಹೈಡ್ರೋಜನ್ ಸಲ್ಫೈಡ್ ಇನ್ನೂ ಮೋಸದ್ದು. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ, ಜಾಸ್ತಿ ಆದಾಗ ಮೂಗೇ ಸತ್ತು ವಾಸನೆ ಗೊತ್ತಾಗಲ್ಲ. ಅಳೆಯೋಕೆ ಉಪಕರಣ ಇದೆ. ಮಲ ಹೊರಿಸುವುದನ್ನೂ ರಕ್ಷಣೆಯಿಲ್ಲದೆ ಒಳಚರಂಡಿಗೆ ಮನುಷ್ಯನನ್ನು ಇಳಿಸುವುದನ್ನೂ ನಿಷೇಧಿಸಿದ 2013ರ ಕಾಯ್ದೆಯೂ ಇದೆ. ಅದರ ಹಿಂದಿನ ಹೋರಾಟದಲ್ಲಿ ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಇದ್ದಾರೆ; 2016ರಲ್ಲಿ ಮ್ಯಾಗ್ಸೆಸೆ ಪಡೆದವರು. ಒಳಚರಂಡಿಯಲ್ಲಿ ಸತ್ತವನ ಮನೆಗೆ 10 ಲಕ್ಷ ಕೊಡಿ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಯೋಚನೆ ಮಾಡಿ: ಕಾಯ್ದೆ ಬಂದು ಹತ್ತು ವರ್ಷವಾದ ಮೇಲೂ ಪರಿಹಾರದ ಮೊತ್ತ ಏರಿಸುವ ಅಗತ್ಯ ಬಿತ್ತು.

ಇಂಥ ಸುದ್ದಿಯನ್ನು ನಾನೇ ಎಷ್ಟು ಸಲ ಓದಿದ್ದೇನೋ. ಇಪ್ಪತ್ತು ಸೆಕೆಂಡು, ಕೆಳಗೆ ಸ್ಕ್ರೋಲ್, ಮುಂದೆ ಕ್ರಿಕೆಟ್. ಸತ್ತವರ ಹೆಸರು ಆ ಇಪ್ಪತ್ತು ಸೆಕೆಂಡಿಗೆ ಬಂದು ಮುಟ್ಟುವುದೇ ಅಪರೂಪ.

ಡೆಸ್ಕಿನ ಹುಡುಗನಿಗೆ ವಿಡಿಯೋ ಹಾಕು ಅಂದೆ, ಆದರೆ ಅದರ ಬೆನ್ನಿಗೇ ನಾವು ಮಾಣಿಲದಲ್ಲಿ ತೆಗೆದದ್ದೂ ಹೋಗಲಿ ಅಂದೆ. ಪ್ರಸಾರವಾದ ಮರುದಿನ ಅಜ್ಜನ ಮೊಮ್ಮಗನ ಫೋನ್. ಟಿವಿಯಲ್ಲಿ ತಮ್ಮ ದೀಪ ನೋಡಿ ಅಜ್ಜನಿಗೆ ಭಾರೀ ಖುಷಿಯಂತೆ. "ಏಪ್ರಿಲ್ ಅಲ್ವಾ ಸರ್, ಪಕ್ಕದವರ ಬೋರ್ ನಿಂತಿದೆ. ನಮ್ಮ ಸುರಂಗದಲ್ಲಿ ಬೆರಳಿನಷ್ಟು ನೀರು ಈಗ್ಲೂ ಬರ್ತಾ ಉಂಟು."