ರುಮಾಲೆ ಚನ್ನಬಸವಯ್ಯ

ರುಮಾಲೆ ಚನ್ನಬಸವಯ್ಯ (1910–1988): ಕನ್ನಡ ನಾಡಿನ ಪ್ರಮುಖ ನಿಸರ್ಗದೃಶ್ಯ ಚಿತ್ರಕಾರ, ಸ್ವಾತಂತ್ರ್ಯ ಹೋರಾಟಗಾರ, ಪತ್ರಿಕಾ ಸಂಪಾದಕ. ಹುಟ್ಟೂರು ದೊಡ್ಡಬಳ್ಳಾಪುರ. ಬೆಂಗಳೂರಿನ ಹೂಮರಗಳನ್ನೇ ಬಾಳಿನ ವಸ್ತುವಾಗಿಸಿಕೊಂಡು ವರ್ಷಗಟ್ಟಲೆ ಬರೆದದ್ದು ಇವರ ಹೆಚ್ಚುಗಾರಿಕೆ.

ಅ.ನ. ಸುಬ್ಬರಾಯರು 1919ರಲ್ಲಿ ಬೆಂಗಳೂರಿನಲ್ಲಿ ತೆರೆದಿದ್ದ ಕಲಾಮಂದಿರ ಎಂಬ ಚಿತ್ರಕಲಾ ಶಾಲೆಯಲ್ಲಿ ರುಮಾಲೆಯವರ ಕಲಿಕೆ ನಡೆಯಿತು. ಗಾಂಧೀಜಿಯ ಕರೆಗೆ ಓಗೊಟ್ಟು ಚಳವಳಿಗೆ ಇಳಿದರು. ಕಾಂಗ್ರೆಸ್ಸಿನ ಸೇವಾದಳದಲ್ಲಿ ದುಡಿದರು, ಸೆರೆಮನೆಯನ್ನೂ ಕಂಡರು. ಮುಂದೆ ‘ತಾಯಿನಾಡು’ ಪತ್ರಿಕೆಯ ಸಂಪಾದಕರಾದರು, ವಿಧಾನ ಪರಿಷತ್ತಿನ ಸದಸ್ಯರೂ ಆಗಿದ್ದರು. ಐವತ್ತು ದಾಟಿದ ಮೇಲೆ, 1960ರ ದಶಕದ ಆರಂಭದಲ್ಲಿ, ಇವೆಲ್ಲವನ್ನೂ ಬದಿಗಿಟ್ಟು ಮತ್ತೆ ಕುಂಚ ಹಿಡಿದರು. ಹೆಸರು ತಂದುಕೊಟ್ಟ ಚಿತ್ರಗಳು ಆಮೇಲಿನವು.

ಆಗಿನ ಬೆಂಗಳೂರಿನ ಬೀದಿಗಳಲ್ಲಿ ಹೂವಿಗೆ ಬರವಿರಲಿಲ್ಲ. ಜರ್ಮನಿಯಿಂದ ಬಂದು ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜಿ.ಎಚ್. ಕ್ರುಂಬಿಗಲ್, ಒಂದು ಜಾತಿಯ ಹೂ ಉದುರುವಷ್ಟರಲ್ಲಿ ಇನ್ನೊಂದು ಅರಳುವಂತೆ ಸಾಲುಮರಗಳನ್ನು ಯೋಜಿಸಿದ್ದರು. ದಕ್ಷಿಣ ಅಮೆರಿಕದ ಜಕರಂಡದ ನೀಲಿ, ಟಬೆಬುಯಾದ ಗುಲಾಬಿ ಮತ್ತು ಹಳದಿ, ಏಪ್ರಿಲ್–ಮೇ ಬಿಸಿಲಿನಲ್ಲಿ ಮಡಗಾಸ್ಕರ್ ಮೂಲದ ಗುಲ್‌ಮೊಹರಿನ ಕೆಂಪು: ಎಲ್ಲಿಂದಲೋ ಬಂದು ಇಲ್ಲಿಯವೇ ಆದ ಈ ಮರಗಳ ಕಾಲಗಣನೆಯೇ ರುಮಾಲೆಯವರಿಗೂ ಕಾಲಗಣನೆಯಾಯಿತು. ಮರ ಹೂಬಿಟ್ಟ ಹೊತ್ತಿಗೆ ಅದರೆದುರು ಬಯಲಿನಲ್ಲೇ ನಿಂತು ಬರೆಯುತ್ತಿದ್ದರು. ಕಬ್ಬನ್ ಪಾರ್ಕು, ಲಾಲ್‌ಬಾಗು ಇವರ ನೆಚ್ಚಿನ ಜಾಗಗಳು.

ಜಲವರ್ಣ, ತೈಲವರ್ಣ ಎರಡರಲ್ಲೂ ಕೈ ಪಳಗಿತ್ತು. ತೈಲಚಿತ್ರಗಳನ್ನು ಹತ್ತಿರದಿಂದ ನೋಡಿದರೆ ಎಲೆಯಾಗಲಿ ಎಸಳಾಗಲಿ ಬಿಡಿಯಾಗಿ ಕಾಣುವುದಿಲ್ಲ. ಮಿಶ್ರಮಾಡದ ಬಣ್ಣದ ತುಂಡು ತುಂಡು ಗೀಟುಗಳು ಒಂದರ ಮೇಲೊಂದು ಕೂತಿರುತ್ತವೆ. ನಾಲ್ಕು ಹೆಜ್ಜೆ ಹಿಂದೆ ಸರಿದಾಗ ಕೊಂಬೆ, ನೆರಳು, ನೆಲಕ್ಕೆ ಬಿದ್ದ ಹೂರಾಶಿ ಒಡಮೂಡುತ್ತವೆ. ಮೈಸೂರಿನ ಹೆಸರಾಂತ ಚಿತ್ರಕಾರ ಕೆ. ವೆಂಕಟಪ್ಪನವರ ಊಟಿ, ಕೊಡೈಕೆನಾಲಿನ ಜಲವರ್ಣಗಳಲ್ಲಿ ಮಂಜು, ಮೋಡಗಳ ಮೆಲುದನಿಯಿದ್ದರೆ ಇಲ್ಲಿರುವುದು ತುಂಬು ಬಿಸಿಲು. ವ್ಯಾನ್ ಗೋನೊಂದಿಗೆ ಹೋಲಿಸುವುದು ರೂಢಿ. ಕುಂಚದ ಬೀಸಿಗಷ್ಟೇ ಆ ಹೋಲಿಕೆ ಒಪ್ಪುತ್ತದೆ. ವ್ಯಾನ್ ಗೋನ ತಳಮಳ ಇಲ್ಲಿಲ್ಲ, ಹೋರಾಟದ ದಿನಗಳನ್ನು ದಾಟಿ ಬಂದವನ ನಿರಾಳ ಸಂತೋಷವಿದೆ.

ರಸ್ತೆ ಅಗಲೀಕರಣಕ್ಕೆ ಬೆಂಗಳೂರು ತನ್ನ ಎಷ್ಟೋ ಸಾಲುಮರಗಳನ್ನು ಬಲಿಕೊಟ್ಟ ಮೇಲೆ ಈ ಚಿತ್ರಗಳಿಗೆ ದಾಖಲೆಯ ಬೆಲೆಯೂ ಬಂದಿದೆ. ಇವರ ಕೃತಿಗಳ ಸಂಗ್ರಹವನ್ನು ರಾಜಾಜಿನಗರದ ರುಮಾಲೆ ಆರ್ಟ್ ಹೌಸ್ ಕಾಪಾಡಿಕೊಂಡು ಬಂದಿದೆ.