ರಾಬ್ ಬೆಂಕಿ ಮತ್ತು ಕಾಡುಭತ್ತ

ಭತ್ತವೂ ಒಂದು ಹುಲ್ಲೇ. ರಾಗಿ, ಜೋಳ, ಗೋಧಿ ಕೂಡ ಅದೇ ಕುಟುಂಬ. ಹುಲ್ಲಿನ ಬೆಳೆಯೊಳಗೆ ಹುಲ್ಲೇ ಕಳೆಯಾಗಿ ನಿಂತರೆ ಯಾವುದನ್ನು ಕೀಳುವುದು, ಯಾವುದನ್ನು ಬಿಡುವುದು?

ನಮ್ಮ ಥಾಣೆ ಕಡೆಯ ರೈತರು ಇದಕ್ಕೆ ಬೆಂಕಿಯ ಉಪಾಯ ಕಂಡುಕೊಂಡಿದ್ದರು. ಬೇಸಿಗೆಯಲ್ಲಿ ಸಸಿಮಡಿಯ ಜಾಗಕ್ಕೆ ಸೆಗಣಿ, ಟೊಂಗೆ, ತರಗೆಲೆ ಹರಡಿ, ಮೇಲೆ ಮಣ್ಣು ಉದುರಿಸಿ ಸುಡುವುದು. ಹೆಸರು ರಾಬ್. ದಕ್ಷಿಣ ಕನ್ನಡದ ಸುಡುಮಣ್ಣು ಬಲ್ಲವರಿಗೆ ಇದು ಹೊಸದಲ್ಲ. ಬೂದಿ ಗೊಬ್ಬರವಾಗುತ್ತದೆ, ಮೇಲ್ಮಣ್ಣಿನ ಕಳೆಬೀಜವೂ ಸುಟ್ಟುಹೋಗುತ್ತದೆ.

ಆದರೆ ಟೊಂಗೆಗೆ ಕಾಡು ಬೇಕಲ್ಲ! ಹೆಚ್ಚಾಗಿ ಐನ್, ಅಂದರೆ ನಮ್ಮ ಮತ್ತಿ ಮರ. 1878ರ ಅರಣ್ಯ ಕಾಯಿದೆಯ ನಂತರ ಕೊಡಲಿಗೆ ಕಡಿವಾಣ ಬಿತ್ತು. ಥಾಣೆ, ಕೊಲಾಬಾ ಜಿಲ್ಲೆಗಳ ದೂರು ಜೋರಾಗಿ, 1885ರಲ್ಲಿ ಮುಂಬಯಿ ಸರ್ಕಾರ ಅರಣ್ಯ ಆಯೋಗವನ್ನೇ ನೇಮಿಸಬೇಕಾಯಿತು. ಇಂಗ್ಲೆಂಡಿನಿಂದ ಬಂದ ರಸಾಯನತಜ್ಞ ಫೋಲ್ಕರ್ ಕೂಡ 1893ರ ವರದಿಯಲ್ಲಿ ರಾಬ್ ಬಗ್ಗೆ ಚರ್ಚಿಸಿದರು. ಇಲಾಖೆಗೆ ಅದು ಮರದ ನಷ್ಟ, ರೈತನಿಗೆ ಆ ವರ್ಷದ ಅನ್ನ. ಕಾಡು ಮುಖ್ಯವೇ, ಆದರೂ ನಾನು ರೈತನ ಪಕ್ಷ.

ಆಮೇಲೆ ಔಷಧ ಬಂತು. ಎರಡನೇ ಮಹಾಯುದ್ಧದ ಕಾಲದಲ್ಲಿ ಹುಟ್ಟಿದ 2,4-ಡಿ ಭಾರತದಲ್ಲಿ ಪ್ರಯೋಗಕ್ಕೆ ಬಂದದ್ದು 1946ರಲ್ಲಿ. ಅಗಲ ಎಲೆಯ ಕಳೆ ಮುರುಟಿ ಸಾಯುತ್ತದೆ, ಭತ್ತ ಉಳಿಯುತ್ತದೆ. ಹುಲ್ಲುಜಾತಿಯ ಕಳೆಗೆ ಬ್ಯುಟಾಕ್ಲೋರ್ ಬಂತು. ನಾಟಿಯಾದ ಕೆಲವೇ ದಿನಗಳೊಳಗೆ ಹಾಕಿದರೆ ಮೊಳೆಯುತ್ತಿರುವ ಕಳೆ ಸಾಯುತ್ತದೆ, ಬೇರು ಹಿಡಿದ ಸಸಿ ಬದುಕುತ್ತದೆ.

ಉಳಿದದ್ದು ಕಾಡುಭತ್ತ. ಅದೂ ಭತ್ತವೇ ಆದ್ದರಿಂದ ಸಾಮಾನ್ಯ ಕಳೆನಾಶಕಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಊಟದ ಅಕ್ಕಿಯಾದರೆ ಮೊರದಲ್ಲಿ ಕೇರಿ ಆರಿಸಬಹುದು. ಬಿತ್ತನೆ ಬೀಜದಲ್ಲಿ ಸೇರಿದರೆ ಚಕ್ರಬಡ್ಡಿ, ವರ್ಷದಿಂದ ವರ್ಷಕ್ಕೆ ಗದ್ದೆಯಲ್ಲಿ ಬೆಳೆಯುತ್ತಲೇ ಹೋಗುತ್ತದೆ. ಅದಕ್ಕೇ ನಮ್ಮ ಬೀಜ ಪ್ರಮಾಣೀಕರಣದ ನಿಯಮ ಬಿಗಿ: ಒಂದು ಕಿಲೋ ಮೂಲ ಬೀಜದಲ್ಲಿ ಕಾಡುಭತ್ತದ ಕಾಳು 2 ಮೀರಬಾರದು, ಪ್ರಮಾಣಿತ ಬೀಜದಲ್ಲಿ 5. ಬ್ಯಾಂಕಿನ ಆಡಿಟ್ ಕೂಡ ಇಷ್ಟು ಕಟ್ಟುನಿಟ್ಟಲ್ಲ ಬಿಡಿ.

2021ರಲ್ಲಿ ಪೂಸಾ ಬಾಸ್ಮತಿ 1979 ಮತ್ತು 1985 ಬಿಡುಗಡೆಯಾದವು. ಇಮಾಜೆತಾಪೈರ್ ಸಿಂಪಡಿಸಿದರೂ ಇವು ಸಾಯುವುದಿಲ್ಲ, ಸುತ್ತಲಿನ ಕಳೆ ಸಾಯುತ್ತದೆ. ಅಮೆರಿಕದಲ್ಲಿ ಈ ಬಗೆಯ ಭತ್ತ 2002ರಲ್ಲೇ ಬಂದಿತ್ತು. ಬೆಳೆಯ ಪರಾಗ ಕಾಡುಭತ್ತಕ್ಕೆ ತಗಲಿ, ಕೆಲವೇ ವರ್ಷಗಳಲ್ಲಿ ಅದಕ್ಕೂ ಆ ಔಷಧ ನಾಟದಂತಾಯಿತು. ಹಾಗಾಗಿ ಬೀಜದ ಗದ್ದೆಯಲ್ಲಿ ತೆನೆ ಹೊರಬರುವ ಹೊತ್ತಿಗೆ ಸಾಲು ಸಾಲಾಗಿ ನಡೆದು, ಬೆರಕೆ ಗಿಡವನ್ನು ಕಣ್ಣಲ್ಲೇ ಗುರುತಿಸಿ ಕೈಯಿಂದ ಕೀಳುವ ಕೆಲಸ ಇನ್ನೂ ತಪ್ಪಿಲ್ಲ.