ತೂಕ ತಪ್ಪದ ವಿದ್ಯೆ: ರಾಸಾಯನಿಕ ಸಮೀಕರಣದ ಚರಿತ್ರೆ ಮತ್ತು ನಮ್ಮ ತರಗತಿ



ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕವನ್ನು ತೆರೆದರೆ ಮೊದಲು ಎದುರಾಗುವ ಅಧ್ಯಾಯ 'ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು'. ಯಾದಗಿರಿ ಬಳಿಯ ಮುದನಾಳದ ಮಗುವಿರಲಿ, ಶಹಾಪುರ, ಸುರಪುರಗಳ ಮಗುವಿರಲಿ, ವಿಜ್ಞಾನದ ಅಂಜಿಕೆ ಅನೇಕ ವೇಳೆ ಇಲ್ಲಿಂದಲೇ ಶುರುವಾಗುತ್ತದೆ. ಬಾಣದ ಗುರುತಿನ ಆ ಕಡೆ ಕೆಲವು ಅಕ್ಷರ, ಈ ಕಡೆ ಕೆಲವು ಅಕ್ಷರ, ಅವುಗಳ ಮುಂದೆ ಎರಡು, ಮೂರು ಎಂಬ ಅಂಕಿಗಳು. ಅಂಕಿ ಎಲ್ಲಿಂದ ಬಂತೆಂದು ತಿಳಿಯದ ಮಗು ಬಾಯಿಪಾಠ ಮಾಡುತ್ತದೆ. ಪರೀಕ್ಷೆಯಲ್ಲಿ ಪ್ರಶ್ನೆ ಸ್ವಲ್ಪ ಬದಲಾದರೂ ಕೈಬಿಡುತ್ತದೆ. 2023 ಮತ್ತು 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆ ಕೊನೆಯ ಸ್ಥಾನದಲ್ಲಿತ್ತು. ಅದಕ್ಕೆ ಕಾರಣಗಳು ಹಲವಾರು. ಅವೆಲ್ಲವನ್ನೂ ಒಂದು ಲೇಖನ ಪರಿಹರಿಸಲಾರದು. ಆದರೆ ಈ ಒಂದು ಪಾಠವನ್ನು ಅದು ಚರಿತ್ರೆಯಲ್ಲಿ ಬೆಳೆದ ಕ್ರಮದಲ್ಲಿಯೇ ಕಲಿತರೆ ಅಂಜಿಕೆ ದೂರವಾಗುತ್ತದೆ ಎಂಬುದನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ಚರಿತ್ರೆಯಲ್ಲಿ ತಕ್ಕಡಿ ಮೊದಲು ಬಂತು, ಅಕ್ಷರಗಳು ಆಮೇಲೆ ಬಂದವು.

ಮೀಜಾನ್ ಎಂಬ ಮಾತು

ಉರ್ದು ಬಲ್ಲವರಿಗೆ 'ಮೀಜಾನ್' ಎಂಬ ಶಬ್ದ ಹೊಸದಲ್ಲ. ಅರಬ್ಬಿ ಮೂಲದ ಈ ಶಬ್ದಕ್ಕೆ ತಕ್ಕಡಿ ಎಂಬ ಅರ್ಥವೂ ಇದೆ, ಲೆಕ್ಕದ ಒಟ್ಟು ಮೊತ್ತ ಎಂಬ ಅರ್ಥವೂ ಇದೆ. ಎಂಟನೆಯ ಶತಮಾನದ ಜಾಬಿರ್ ಇಬ್ನ್ ಹಯ್ಯಾನ್ ಹೆಸರಿನಲ್ಲಿ ಪ್ರಚಲಿತವಾದ ಗ್ರಂಥಗಳಲ್ಲಿ ಮೀಜಾನಿನ ವಿಚಾರ ಮತ್ತೆ ಮತ್ತೆ ಬರುತ್ತದೆ. ಆದರೆ ಅಲ್ಲಿನ ಮೀಜಾನ್ ಬಹುಪಾಲು ವಸ್ತುಗಳ ಗುಣಗಳಿಗೆ ಸಂಖ್ಯೆ ಹಚ್ಚುವ ತತ್ತ್ವವಾಗಿತ್ತು; ಅದನ್ನೇ ಇಂದಿನ ರಾಸಾಯನಿಕ ಲೆಕ್ಕವೆಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ನಿಜವಾದ ತಕ್ಕಡಿಯ ವಿಜ್ಞಾನವನ್ನು ಕಾಣಬೇಕಾದರೆ ಅಲ್ ಖಾಜಿನಿಯ ಬಳಿಗೆ ಹೋಗಬೇಕು. ಆತ 12ನೆಯ ಶತಮಾನದ ಮೊದಲ ಭಾಗದಲ್ಲಿ ಬರೆದ 'ಮೀಜಾನುಲ್ ಹಿಕ್ಮಾ' ಗ್ರಂಥದಲ್ಲಿ ಅತಿ ಸೂಕ್ಷ್ಮವಾದ ತಕ್ಕಡಿಯ ರಚನೆ ಇದೆ. ಲೋಹವನ್ನು ಗಾಳಿಯಲ್ಲಿಯೂ ನೀರಿನಲ್ಲಿಯೂ ತೂಗಿ ಅದರ ಶುದ್ಧತೆಯನ್ನು ತಿಳಿಯುವ ವಿಧಾನವಿದೆ. ವಸ್ತುವಿನ ಗುಟ್ಟನ್ನು ಕಣ್ಣಿಗಿಂತ ತೂಕ ಚೆನ್ನಾಗಿ ಹೇಳಬಲ್ಲದು ಎಂಬ ನಂಬಿಕೆ ಈ ಗ್ರಂಥದ ಜೀವಾಳ.

ಸುಣ್ಣದಿಂದ ಶುರುವಾದ ಲೆಕ್ಕ

ರಾಸಾಯನಿಕ ಕ್ರಿಯೆಗೇ ತಕ್ಕಡಿಯನ್ನು ಕಟ್ಟುನಿಟ್ಟಾಗಿ ಬಳಸಿದವರಲ್ಲಿ ಮೊದಲಿಗನೆನಿಸುವವನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. 1756ರಲ್ಲಿ ಪ್ರಕಟವಾದ ಅವನ ಪ್ರಯೋಗಗಳ ವಸ್ತು ಮೆಗ್ನೀಷಿಯಾ ಮತ್ತು ಸುಣ್ಣ. ಸುಣ್ಣಕಲ್ಲನ್ನು ಸುಟ್ಟರೆ ಅದರ ತೂಕ ಕಡಿಮೆಯಾಗುತ್ತದೆ. ಹಾಗೆ ಕಳೆದುಹೋದದ್ದು ಕಲ್ಲಿನಲ್ಲಿ ಸೇರಿಕೊಂಡಿದ್ದ ಒಂದು ಅನಿಲ ಎಂದು ಅವನು ತೋರಿಸಿದನು. ಆ ಅನಿಲವೇ ಇಂದಿನ ಇಂಗಾಲದ ಡೈಆಕ್ಸೈಡ್.

ಸುಣ್ಣಕಲ್ಲು ನಮಗೆ ಪರಕೀಯವಲ್ಲ. ಭೂವಿಜ್ಞಾನಿಗಳು ಭೀಮಾ ಜಲಾನಯನವೆಂದು ಕರೆಯುವ ಸುಣ್ಣಕಲ್ಲಿನ ಹಾಸು ಶಹಾಬಾದ್, ವಾಡಿ, ಸೇಡಂಗಳಿಂದ ಶಹಾಪುರ ತಾಲೂಕಿನ ಗೋಗಿಯವರೆಗೂ ಹಬ್ಬಿದೆ. ನಮ್ಮ ಮನೆಗಳ ನೆಲಕ್ಕೆ ಹಾಸಿದ ಶಹಾಬಾದಿ ಪರಸಿ ಅದೇ ಕಲ್ಲು. ವಾಡಿಯ ಸಿಮೆಂಟಿಗೂ ಅದೇ ಮೂಲ.

ಈಗ ಲೆಕ್ಕ ನೋಡಿ. ಕ್ಯಾಲ್ಸಿಯಂ ಪರಮಾಣುವಿನ ತೂಕ 40, ಇಂಗಾಲದ್ದು 12, ಆಮ್ಲಜನಕದ್ದು 16. ಸುಣ್ಣಕಲ್ಲಿನಲ್ಲಿ ಒಂದು ಕ್ಯಾಲ್ಸಿಯಂ, ಒಂದು ಇಂಗಾಲ, ಮೂರು ಆಮ್ಲಜನಕ, ಮೀಜಾನ್ 100. ಶುದ್ಧವಾದ 100 ಕಿಲೋ ಸುಣ್ಣಕಲ್ಲು ಪೂರ್ತಿ ಸುಟ್ಟರೆ 56 ಕಿಲೋ ಸುಟ್ಟ ಸುಣ್ಣ ಉಳಿದು 44 ಕಿಲೋ ಅನಿಲ ಹೊರಹೋಗುತ್ತದೆ. ಆ 56 ಕಿಲೋ ಸುಣ್ಣ 18 ಕಿಲೋ ನೀರನ್ನು ಹೀರಿ 74 ಕಿಲೋ ಅರಳಿದ ಸುಣ್ಣವಾಗುತ್ತದೆ. ಅದನ್ನು ಗೋಡೆಗೆ ಬಳಿದಾಗ ಗಾಳಿಯಿಂದ 44 ಕಿಲೋ ಅನಿಲವನ್ನು ಮೆಲ್ಲಗೆ ಮರಳಿ ಪಡೆದು, 18 ಕಿಲೋ ನೀರನ್ನು ಬಿಟ್ಟುಕೊಟ್ಟು, ಪುನಃ 100 ಕಿಲೋ ಸುಣ್ಣಕಲ್ಲೇ ಆಗುತ್ತದೆ. ಹಬ್ಬಕ್ಕೆ ಮುಂಚೆ ಬಳಿದ ಸುಣ್ಣ ಎರಡು ಮೂರು ದಿನಗಳಲ್ಲಿ ಗಟ್ಟಿಯಾಗಿ ಹೊಳೆಯುವುದು ಇದೇ ಕಾರಣದಿಂದ. ಒಂದು ಗುಲಗಂಜಿಯಷ್ಟು ತೂಕವೂ ಎಲ್ಲಿಯೂ ಕಳೆದುಹೋಗಿಲ್ಲ.

ಈ ನಿಯಮವನ್ನು ಸ್ಪಷ್ಟವಾಗಿ ಸಾರಿದವನು ಫ್ರಾನ್ಸಿನ ಲವಾಸಿಯೆ. ತೆರಿಗೆ ವಸೂಲಿಯ ಕೆಲಸದಲ್ಲಿ ಜಮಾ ಖರ್ಚಿನ ಪುಸ್ತಕ ಚೆನ್ನಾಗಿ ಬಲ್ಲವನಾಗಿದ್ದ ಅವನು, ಕ್ರಿಯೆಯ ಮೊದಲು ಇದ್ದಷ್ಟೇ ದ್ರವ್ಯ ಕ್ರಿಯೆಯ ನಂತರವೂ ಇರುತ್ತದೆಂದು 1789ರ ತನ್ನ ಗ್ರಂಥದಲ್ಲಿ ಬರೆದನು. 1792ರಲ್ಲಿ ಜರ್ಮನಿಯ ರಿಕ್ಟರ್, ಯಾವ ವಸ್ತು ಎಷ್ಟು ತೂಕದಲ್ಲಿ ಇನ್ನೊಂದರೊಡನೆ ಸೇರುತ್ತದೆ ಎಂಬ ಲೆಕ್ಕಕ್ಕೆ 'ಸ್ಟಾಯ್ಕಿಯೋಮೆಟ್ರಿ' ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಮೂಲವಸ್ತುಗಳ ಅಳತೆ ಎಂದಷ್ಟೇ.

ಶಿಕ್ಷಕರು ಬಿಡಿಸಿದ ಗಂಟು

ನೇಕಾರನ ಮಗನಾದ ಜಾನ್ ಡಾಲ್ಟನ್ ಹನ್ನೆರಡರ ವಯಸ್ಸಿನಲ್ಲಿಯೇ ಹಳ್ಳಿಯ ಶಾಲೆಯಲ್ಲಿ ಪಾಠ ಹೇಳಿದವನು. 1808ರಲ್ಲಿ ಅವನು ತನ್ನ ಪರಮಾಣು ಸಿದ್ಧಾಂತವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಆದರೆ ನೀರಿನಲ್ಲಿ ಒಂದು ಜಲಜನಕಕ್ಕೆ ಒಂದೇ ಆಮ್ಲಜನಕವಿದೆ ಎಂದು ಅವನು ಎಣಿಸಿದ್ದರಿಂದ ತೂಕಗಳೆಲ್ಲ ಗೋಜಲಾದವು. 1811ರಲ್ಲಿ ಅವೊಗಾಡ್ರೋ ದಾರಿ ತೋರಿಸಿದರೂ ಸುಮಾರು ಐವತ್ತು ವರ್ಷ ಹೆಚ್ಚಿನವರು ಕಿವಿಗೊಡಲಿಲ್ಲ. ಕೊನೆಗೆ ಆ ಗಂಟನ್ನು ಬಿಡಿಸಿದ್ದು ಒಂದು ಪಾಠದ ಟಿಪ್ಪಣಿ. ಇಟಲಿಯ ಜಿನೋವಾದಲ್ಲಿ ಪಾಠ ಹೇಳುತ್ತಿದ್ದ ಕನಿಜಾರೋ, ವಿದ್ಯಾರ್ಥಿಗಳಿಗೆ ಪರಮಾಣು ತೂಕವನ್ನು ಹೇಗೆ ವಿವರಿಸುತ್ತೇನೆಂಬುದನ್ನು 1858ರಲ್ಲಿ ಬರೆದು ಪ್ರಕಟಿಸಿದನು. 1860ರಲ್ಲಿ ಕಾರ್ಲ್ಸ್‌ರೂಹೆಯಲ್ಲಿ ನಡೆದ ರಸಾಯನಶಾಸ್ತ್ರಜ್ಞರ ಸಮಾವೇಶದಲ್ಲಿ ಅದರ ಪ್ರತಿಗಳನ್ನು ಹಂಚಲಾಯಿತು. ಆ ಸಮಾವೇಶದಲ್ಲಿದ್ದ ಮೆಂಡಲೀವ್, 1869ರಲ್ಲಿ ತನ್ನ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕ ಬರೆಯುತ್ತಿರುವಾಗಲೇ ಆವರ್ತ ಕೋಷ್ಟಕವನ್ನು ರೂಪಿಸಿದನು. ಪಾಠ ಹೇಳುವವನ ಶ್ರಮ ಸಂಶೋಧನೆಗಿಂತ ಕಡಿಮೆಯದೆಂದು ಯಾರೂ ಭಾವಿಸಬಾರದು.

ನಮ್ಮ ಭಾಗದಲ್ಲಿ ಈ ವಿದ್ಯೆ

ನಮ್ಮ ಪ್ರದೇಶ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಸ್ಥಾಪನೆಯಾಗಿ, ಭಾರತೀಯ ಭಾಷೆಯೊಂದರಲ್ಲಿ ಉನ್ನತ ವಿಜ್ಞಾನವನ್ನು ಕಲಿಸುವ ದೊಡ್ಡ ಪ್ರಯತ್ನಕ್ಕೆ ಕೈಹಾಕಿತು. ಅದಕ್ಕೂ ಮೊದಲೇ, 1917ರಲ್ಲಿ, ಪಠ್ಯಗಳನ್ನು ಉರ್ದುವಿಗೆ ತರಲು ದಾರುಲ್ ತರ್ಜುಮಾ ಆರಂಭವಾಗಿತ್ತು. ವಿಜ್ಞಾನದ ಪಾರಿಭಾಷಿಕ ಪದಗಳನ್ನು ಕಟ್ಟುವ ಬಗೆಯ ಮೇಲೆಯೇ ವಹೀದುದ್ದೀನ್ ಸಲೀಂ ಅವರು 'ವಜಾ-ಎ-ಇಸ್ತಿಲಾಹಾತ್' ಎಂಬ ಗ್ರಂಥ ಬರೆದರು. ಅದೇ 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ಅವರ ಮಿತ್ರರು 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರತಂದರು. ಎರಡು ರಾಜ್ಯಗಳು, ಎರಡು ಭಾಷೆಗಳು, ಆದರೆ ಹಂಬಲ ಒಂದೇ.

1956ರಲ್ಲಿ ನಮ್ಮ ಭಾಗ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕನ್ನಡ ಮಾಧ್ಯಮದ ಶಾಲೆಗಳು ಬೆಳೆದವು. ಉರ್ದು ಮಾಧ್ಯಮದ ಶಾಲೆಗಳೂ ಉಳಿದುಕೊಂಡವು. ಉರ್ದುವಿನ 'ಮುಸಾವಾತ್' ಕನ್ನಡದಲ್ಲಿ 'ಸಮೀಕರಣ'. ಎರಡೂ ಶಬ್ದಗಳ ಒಡಲಲ್ಲಿರುವುದು 'ಸಮ' ಎಂಬ ಭಾವನೆಯೇ. ಭಾಷೆ ಯಾವುದಿದ್ದರೂ 100, 56, 44 ಬದಲಾಗುವುದಿಲ್ಲ.

ತರಗತಿಯಲ್ಲಿ ಮಾಡಬೇಕಾದದ್ದು

ಆದ್ದರಿಂದ ಶಿಕ್ಷಕರಲ್ಲಿ ಒಂದು ವಿನಂತಿ: ಮೊದಲು ತೂಗಿಸಿ, ಆಮೇಲೆ ಬರೆಸಿ. ಒಂದು ಲೀಟರಿನ ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಸ್ವಲ್ಪ ನಿಂಬೆರಸ ಹಾಕಿ. ಕಾಗದದ ಪೊಟ್ಟಣದಲ್ಲಿ ಒಂದೇ ಗ್ರಾಂ ಅಡುಗೆ ಸೋಡಾ ಇಟ್ಟು ಒಳಗೆ ಬಿಟ್ಟು ಕೂಡಲೇ ಬಿಗಿಯಾಗಿ ಮುಚ್ಚಿರಿ. ಅಕ್ಕಸಾಲಿಗರು ಬಳಸುವಂತಹ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿರಿ. ನೊರೆ ಬಂದು ನಿಂತ ಮೇಲೆ ಮತ್ತೆ ತೂಗಿದರೆ ತೂಕ ಅಷ್ಟೇ ಇರುತ್ತದೆ. ಮುಚ್ಚಳ ತೆರೆದು ತೂಗಿದರೆ ಕಡಿಮೆಯಾಗುತ್ತದೆ. ಹೋದದ್ದು ಎಲ್ಲಿಗೆ ಎಂದು ಮಗುವೇ ಕೇಳುತ್ತದೆ. ಆ ಪ್ರಶ್ನೆ ಬಂದ ದಿನ ಸಮೀಕರಣ ಬರೆಸಿರಿ.

ವಿದ್ಯಾರ್ಥಿಗಳೇ, ಅಂಕಿಗಳು ಗೊಂದಲ ಮಾಡಿದರೆ ಎತ್ತಿನ ಬಂಡಿಯನ್ನು ನೆನೆಯಿರಿ. ಒಂದು ಬಂಡಿಗೆ ಎರಡು ಎತ್ತು ಬೇಕು. ಐದು ಬಂಡಿ, ಆರು ಎತ್ತು ಇದ್ದರೆ ಹೊರಡುವುದು ಮೂರೇ ಬಂಡಿ; ಎರಡು ಬಂಡಿ ಸುಮ್ಮನೆ ನಿಲ್ಲುತ್ತವೆ. ಕ್ರಿಯೆಯಲ್ಲಿಯೂ ಯಾವುದು ಮೊದಲು ಮುಗಿಯುತ್ತದೆಯೋ ಅದೇ ಮಿತಿ ಹಾಕುತ್ತದೆ. ಇಷ್ಟು ತಿಳಿದ ಮಗುವಿಗೆ ಸ್ಟಾಯ್ಕಿಯೋಮೆಟ್ರಿಯ ಅರ್ಧ ಪಾಠ ತಿಳಿದಂತೆಯೇ. ಉಳಿದ ಅರ್ಧಕ್ಕೆ ಪರಮಾಣು ತೂಕದ ಪಟ್ಟಿ, ಒಂದು ಪೆನ್ಸಿಲು ಮತ್ತು ತಾಳ್ಮೆ ಸಾಕು. ಮುಂದಿನ ಸಲ ಗೋಡೆಗೆ ಸುಣ್ಣ ಬಳಿಯುವಾಗ ಆ ಪೆನ್ಸಿಲನ್ನು ಕೈಗೆತ್ತಿಕೊಳ್ಳಿರಿ, ಲೆಕ್ಕ ಮಾಡಿ ನೋಡಿರಿ.